ಸರ್ವೆ ನಂಬರಿನವರೆಗೆ ಫೋಲ್ಡರ್: ಪೈಥಾನ್‌ನಲ್ಲಿ ನಾನು ಮಾಡುವ ಕ್ರಮ

ಪಹಣಿ, ಮ್ಯುಟೇಷನ್, ಕ್ರಯಪತ್ರಗಳ ಸ್ಕ್ಯಾನ್ ಪ್ರತಿಗಳಿಗೆ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಎಂದು ಐದು ಹಂತದ ಫೋಲ್ಡರ್ ಮಾಡುತ್ತೇನೆ. ಹೋಬಳಿಯನ್ನು ಬಿಡಬಾರದು. ಒಂದೇ ತಾಲ್ಲೂಕಿನಲ್ಲಿ ಒಂದೇ ಹೆಸರಿನ ಎರಡು ಊರಿದ್ದರೆ ಎರಡರ ಕಾಗದಗಳೂ ಕಲಸಿಹೋಗುತ್ತವೆ.

ಈ ಐದು ಹೆಸರುಗಳೂ ಎಕ್ಸೆಲ್ ಪಟ್ಟಿಯಿಂದ ಬರುತ್ತವೆ, ಪಟ್ಟಿಯ ಒಂದೊಂದು ಸಾಲಿಗೆ ಒಂದೊಂದು ಫೋಲ್ಡರ್. ಅದನ್ನು ಮಾಡುವ ಕೋಡ್ ಸಾಲು ಒಂದೇ. ಫೋಲ್ಡರ್ ದಾರಿಗಳನ್ನು ನಿಭಾಯಿಸುವ ಪಾಥ್‌ಲಿಬ್‌ನ ಪಾಥ್‌ಗೆ ಐದೂ ಹೆಸರುಗಳನ್ನು ಸ್ಲ್ಯಾಶ್‌ನಿಂದ ಜೋಡಿಸಿ, ಫೋಲ್ಡರ್ ಮಾಡುವ ಎಂಕೆಡಿರ್ ಕರೆಯುವಾಗ ಪೇರೆಂಟ್ಸ್, ಎಕ್ಸಿಸ್ಟ್-ಓಕೆ ಎರಡಕ್ಕೂ ಟ್ರೂ ಕೊಡುತ್ತೇನೆ. ಪೇರೆಂಟ್ಸ್ ಕೊಡದಿದ್ದರೆ, ಮೇಲಿನ ಹಂತ ಇಲ್ಲದ ಕಡೆ ಫೈಲ್‌ನಾಟ್‌ಫೌಂಡ್‌ಎರರ್. ಎಕ್ಸಿಸ್ಟ್-ಓಕೆ ಇಲ್ಲದಿದ್ದರೆ ಎರಡನೇ ಸಲ ಓಡಿಸಿದಾಗ ಪಟ್ಟಿಯ ಮೊದಲ ಸಾಲಿಗೇ ನಿಲ್ಲುತ್ತದೆ. ಎರಡೂ ಇದ್ದು ಫೈಲ್‌ಎಕ್ಸಿಸ್ಟ್ಸ್‌ಎರರ್ ಬಂತೆಂದರೆ ಅದೇ ಹೆಸರಿನ ಫೈಲ್ ಅಲ್ಲಿ ಕೂತಿದೆ ಎಂದರ್ಥ. ಆ ಎರರ್ ಅನ್ನು ಎಕ್ಸೆಪ್ಟ್ ಹಾಕಿ ಮುಚ್ಚಿಡಬೇಡಿ.

ಕೆಲಸವೆಲ್ಲ ಇರುವುದು ಹೆಸರುಗಳಲ್ಲಿ. ಸರ್ವೆ ನಂಬರ್ 12/3 ಎಂದಿದ್ದರೆ ಪೈಥಾನ್ 12 ಎಂಬ ಫೋಲ್ಡರಿನೊಳಗೆ 3 ಎಂಬ ಫೋಲ್ಡರ್ ಮಾಡುತ್ತದೆ. ಎರರ್ ಬರುವುದೇ ಇಲ್ಲ, ಹಾಗಾಗಿ ತಿಂಗಳುಗಟ್ಟಲೆ ಗೊತ್ತಾಗದೆ ಉಳಿಯಬಹುದು. ಜೋಡಿಸುವ ಮೊದಲೇ ಸ್ಲ್ಯಾಶ್ ತೆಗೆದು 12-3 ಮಾಡಬೇಕು. ಅದಕ್ಕೂ ಮುಂಚೆ ಎಕ್ಸೆಲ್‌ನಲ್ಲೇ ಆ ಕಾಲಂ ಟೆಕ್ಸ್ಟ್ ಆಗಿರಲಿ, ಇಲ್ಲವಾದರೆ 12/3 ಟೈಪ್ ಮಾಡಿದ ಕೂಡಲೇ ತಾರೀಖಾಗಿ ಬದಲಾಗುತ್ತದೆ. ಖಾಲಿ ಸೆಲ್ ಕೂಡ ಸದ್ದಿಲ್ಲದೆ ಕೆಡಿಸುತ್ತದೆ: ಪಾಥ್ ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ಒಂದು ಹಂತ ಹಾರಿಸಿಬಿಡುತ್ತದೆ. ಐದರಲ್ಲಿ ಯಾವುದು ಖಾಲಿಯಿದ್ದರೂ ಆ ಸಾಲಿನ ಸಂಖ್ಯೆ ಪ್ರಿಂಟ್ ಮಾಡಿ ಮುಂದೆ ಹೋಗುವಂತೆ ಬರೆದಿದ್ದೇನೆ.

ಪೈಥಾನ್ ಓದಲು ಪಟ್ಟಿಯನ್ನು ಎಕ್ಸೆಲ್‌ನಿಂದ ಸಿಎಸ್‌ವಿ ಯುಟಿಎಫ್-8 ಎಂಬ ಆಯ್ಕೆಯಲ್ಲೇ ಸೇವ್ ಮಾಡಿ. ಬರೀ ಸಿಎಸ್‌ವಿ ಆದರೆ ಕನ್ನಡವೆಲ್ಲ ಪ್ರಶ್ನೆ ಚಿಹ್ನೆ. ಓದುವಾಗ ಎನ್‌ಕೋಡಿಂಗ್ ಯುಟಿಎಫ್-8-ಸಿಗ್ ಎಂದಿರಲಿ. ಬರೀ ಯುಟಿಎಫ್-8 ಕೊಟ್ಟರೆ ಮೊದಲ ಕಾಲಂ ಹೆಸರಿಗೆ ಕಾಣದ ಗುರುತೊಂದು ಅಂಟಿಕೊಂಡು, ‘ಜಿಲ್ಲೆ’ ಕಣ್ಣೆದುರಿಗಿದ್ದರೂ ಆ ಕಾಲಂ ಇಲ್ಲವೆಂದು ಕೀಎರರ್ ಬರುತ್ತದೆ.

ಕನ್ನಡದ ಹೆಸರುಗಳಿಗೆ ಇನ್ನೂ ಎರಡು ಎಚ್ಚರಿಕೆ. ‘ಕೋಲಾರ’ದ ‘ಕೋ’ವನ್ನು ಕ ಮತ್ತು ಓತ್ವ ಎಂದು ಎರಡು ಯುನಿಕೋಡ್ ಕೋಡ್‌ಗಳಲ್ಲೂ ಬರೆಯಬಹುದು, ಓತ್ವವನ್ನು ಬಿಡಿಸಿ ಒಟ್ಟು ನಾಲ್ಕರಲ್ಲೂ ಬರೆಯಬಹುದು. ಪರದೆಯಲ್ಲಿ ಎರಡೂ ಒಂದೇ. ವಿಂಡೋಸ್, ಲಿನಕ್ಸ್‌ಗಳಿಗೆ ಎರಡು ಬೇರೆ ಫೋಲ್ಡರ್. ಯುನಿಕೋಡ್‌ಡೇಟಾದ ನಾರ್ಮಲೈಸ್ ಅನ್ನು ಬಿಡಿ ಕೋಡ್‌ಗಳನ್ನು ಕೂಡಿಸುವ ಎನ್‌ಎಫ್‌ಸಿ ರೂಪಕ್ಕೆ ಓಡಿಸಿದರೆ ಇದು ಸರಿಹೋಗುತ್ತದೆ. ಎರಡನೆಯದು ‘ಬೀದರ್’ನಂಥ ಅರ್ಧಾಕ್ಷರದ ಕೊನೆಯಲ್ಲಿ ಉಳಿದುಹೋಗುವ ಝೀರೋ ವಿಡ್ತ್ ನಾನ್ ಜಾಯ್ನರ್ ಎಂಬ ಕಣ್ಣಿಗೆ ಕಾಣದ ಅಕ್ಷರ. ಇದಕ್ಕೆ ಎನ್‌ಎಫ್‌ಸಿಯೂ ಸಾಲದು, ಅಂಚಿನ ಸ್ಪೇಸ್ ತೆಗೆಯುವ ಸಾದಾ ಸ್ಟ್ರಿಪ್ ಕೂಡ ಸಾಲದು. ಸ್ಟ್ರಿಪ್‌ಗೆ ಸ್ಪೇಸ್ ಜೊತೆ 200ಸಿ ಎಂಬ ಯುನಿಕೋಡ್ ಸಂಖ್ಯೆಯ ಅಕ್ಷರವನ್ನೂ ಕೊಡಬೇಕು.

ಉದ್ದದ ಮಿತಿ ನೆನಪಿರಲಿ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಒಂದು ಹೆಸರಿಗೆ 255 ಬೈಟ್, ಕನ್ನಡದ ಪ್ರತಿ ಕೋಡ್‌ಗೆ 3 ಬೈಟ್. ‘ಶ್ರೀ’ ಒಂದಕ್ಕೇ 12 ಖರ್ಚು. ವಿಂಡೋಸ್‌ನಲ್ಲಿ ಪೂರ್ತಿ ದಾರಿಗೆ ಸಾಮಾನ್ಯವಾಗಿ 260 ಅಕ್ಷರ, ಆದ್ದರಿಂದ ಬುಡದ ಫೋಲ್ಡರನ್ನು ಡೆಸ್ಕ್‌ಟಾಪ್‌ನಲ್ಲಿಡದೆ ನೇರ ಡಿ ಡ್ರೈವ್‌ನಲ್ಲಿಡುತ್ತೇನೆ.

ಎಂಕೆಡಿರ್ ಸಾಲಿನ ಜಾಗದಲ್ಲಿ ಮೊದಲು ಪ್ರಿಂಟ್ ಇಟ್ಟು ಒಮ್ಮೆ ಓಡಿಸಿ. ಬಂದ ದಾರಿಗಳನ್ನೆಲ್ಲ ಒಂದೊಂದನ್ನೂ ಒಮ್ಮೆ ಮಾತ್ರ ಇಟ್ಟುಕೊಳ್ಳುವ ಸೆಟ್‌ಗೆ ಹಾಕಿ ಎಣಿಸಿದಾಗ, ಖಾಲಿ ಸೆಲ್‌ನಿಂದ ಬಿಟ್ಟವನ್ನು ಕಳೆದು ಉಳಿದ ಸಾಲುಗಳ ಲೆಕ್ಕಕ್ಕಿಂತ ಕಡಿಮೆ ಬಂದರೆ ಪಟ್ಟಿಯಲ್ಲಿ ಯಾವುದೋ ಸಾಲು ಎರಡು ಸಲ ಇದೆ. ಅದನ್ನು ಎಕ್ಸೆಲ್‌ನಲ್ಲೇ ತಿದ್ದಿದ ಮೇಲೆ ಎಂಕೆಡಿರ್ ಹಾಕಿ.