ಬಂಗುಡೆಯ ಹಿಸ್ಟಮಿನ್: ಬೋಟು ಬೋಟಿಗೆ ಹಿಡಿದ ಲೆಕ್ಕ

ಬೆಚ್ಚಗೇ ಉಳಿದ ಬಂಗುಡೆಯಲ್ಲಿ ಬ್ಯಾಕ್ಟೀರಿಯಾ ಹುಟ್ಟಿಸುವ, ತಿಂದವರನ್ನು ಅಲರ್ಜಿಯಂತೆ ಕಾಡುವ ವಸ್ತು ಹಿಸ್ಟಮಿನ್. ಯುರೋಪಿಗೆ ಹೋಗುವ ಬಂಗುಡೆಯಲ್ಲಿ ಅದನ್ನು ಕಂಟೇನರ್ ತುಂಬುವಾಗ ಟೆಸ್ಟ್ ಮಾಡಿ ಪ್ರಯೋಜನವಿಲ್ಲ, ಮೀನು ಇಳಿಸುವ ಧಕ್ಕೆಯಲ್ಲೇ ಬೋಟು ಬೋಟಿಗೆ ಮಾಡಬೇಕು ಎಂದಾಗ ನಮ್ಮಂತೆ ಮೀನು ಎಕ್ಸ್‌ಪೋರ್ಟ್ ಮಾಡುವವರೇ ನಕ್ಕಿದ್ದರು. ಟೆಸ್ಟ್ ಕಿಟ್ಟಿಗೆ ಸುರಿದ ದುಡ್ಡು ಮೀನಿನಲ್ಲಿ ಹುಟ್ಟುವುದಿಲ್ಲ ಎಂಬುದು ಅವರ ವಾದ. ಎರಡು ಸೀಸನ್ ಕಳೆಯಿತು, ಹಿಸ್ಟಮಿನ್ ಕಾರಣಕ್ಕೆ ನಮ್ಮ ಒಂದು ಪೆಟ್ಟಿಗೆಯೂ ವಾಪಸ್ ಬಂದಿಲ್ಲ.

ಯುರೋಪಿನ ನಿಯಮ ಹೀಗಿದೆ. 9 ಸ್ಯಾಂಪಲ್, ಸರಾಸರಿ ಕಿಲೋಗೆ 100 ಮಿಲಿಗ್ರಾಂ ದಾಟಬಾರದು, 100ರಿಂದ 200ರ ನಡುವೆ ಎರಡು ಬಂದರೆ ಸರಿ, 200 ಮೀರಿದ್ದು ಒಂದೂ ಕೂಡದು. ಅದಕ್ಕೂ ಮೊದಲು ನಮ್ಮ ಒಂದು ಕಂಟೇನರ್ ವಾಪಸ್ ಬಂದದ್ದು ಆ ಕೊನೆಯ ಮಾತಿನಿಂದಲೇ. ಎಂಟು ಸ್ಯಾಂಪಲ್ 20ರ ಒಳಗೆ, ಒಂಬತ್ತನೆಯದು 260ರ ಆಸುಪಾಸು. ಎರಡೂ ಕಡೆಯ ಬಾಡಿಗೆ, ಬಂದರಿನಲ್ಲಿ ಕಂಟೇನರ್ ತಣ್ಣಗಿಡುವ ಕರೆಂಟಿನ ಪ್ಲಗ್ ಚಾರ್ಜು, ಕೊನೆಗೆ ಅಗ್ಗಕ್ಕೆ ಮಾರಿದ್ದು ಎಲ್ಲ ಸೇರಿ ಹೋದದ್ದು ಸುಮಾರು 14 ಲಕ್ಷ.

ತೊಂದರೆಯ ಮೂಲ ನಮ್ಮ ಪ್ಲಾಂಟಿನ ಕೆಲಸದಲ್ಲಿ ಇರಲಿಲ್ಲ. ನಾಲ್ಕೈದು ಬೋಟಿನ ಮೀನು ಒಂದೇ ಟ್ಯಾಂಕಿಗೆ ಬೀಳುತ್ತಿತ್ತು. ತಡವಾಗಿ ಐಸು ಕಂಡ ಒಂದು ಬೋಟಿನ ಮೀನು ಇಡೀ ಲಾಟಿನಲ್ಲಿ ಹರಡುತ್ತಿತ್ತು. ಫ್ರೀಜ್ ಮಾಡಿದರೆ ಬ್ಯಾಕ್ಟೀರಿಯಾ ಬೆಳೆಯುವುದು ನಿಲ್ಲುತ್ತದೆ, ಆಗಿಹೋದ ಹಿಸ್ಟಮಿನ್ ಹೋಗುವುದಿಲ್ಲ, ಬೇಯಿಸಿದರೂ ಹೋಗುವುದಿಲ್ಲ. ಮೂಗನ್ನೂ ನಂಬುವ ಹಾಗಿಲ್ಲ. ವಾಸನೆಯೇ ಇಲ್ಲದ, ಕಿವಿರು ಕೆಂಪಾಗಿಯೇ ಇದ್ದ ಮೀನಿನಲ್ಲೂ ನಮಗೆ 150 ಬಂದದ್ದಿದೆ.

ಮೊದಲ ಸೀಸನ್ನಿನಲ್ಲಿ ಕ್ರೇಟಿನ ಮೇಲಿನಿಂದ ಕೈಗೆ ಸಿಕ್ಕ ಮೀನು ತೆಗೆಯುತ್ತಿದ್ದೆವು. ಐಸಿಗೆ ಅಂಟಿಕೊಂಡ ಮೀನು ಯಾವಾಗಲೂ ಪಾಸು. ಈಗ ಥರ್ಮಾಮೀಟರಿನ ಪ್ರೋಬನ್ನು ಬೆನ್ನುಮೂಳೆಯ ಪಕ್ಕದ ದಪ್ಪ ಮಾಂಸಕ್ಕೆ ಚುಚ್ಚಿ, ಬೋಟಿಗೆ ಐವತ್ತರಷ್ಟು ಮೀನು ನೋಡಿ, ಅದರಲ್ಲಿ ಅತಿ ಬೆಚ್ಚಗಿನ 18 ಆರಿಸುತ್ತೇವೆ. ಕಿವಿರಿನ ಹಿಂದೆ ಹೊಟ್ಟೆಯ ಕಡೆಯ ತುಂಡು ತೆಗೆಯಬೇಕು, ಬಾಲದ ಕಡೆಯದಲ್ಲ. ಕರುಳಿಗೂ ಕಿವಿರಿಗೂ ಹತ್ತಿರದಲ್ಲೇ ಮೊದಲು ಏರುವುದು. ಮೂರು ಮೀನಿಗೆ ಒಂದು ಪೇಸ್ಟು, ಹೀಗೆ ಆರು. ಮೂರನ್ನು ಬೆರೆಸಿದ ಮೇಲೆ ಕಟ್ಟುನಿಟ್ಟು ಮೂರು ಪಟ್ಟು ಆಗಬೇಕಲ್ಲ. ಅಮೆರಿಕದವರು ಒಂದು ಮೀನಿನ ಮಿತಿಯಾದ 50ನ್ನು ಮೂರರಿಂದ ಭಾಗಿಸಿ 17 ಹಿಡಿಯುತ್ತಿದ್ದರು, ನಾವು ಇನ್ನೂ ಎರಡು ಇಳಿಸಿ 15 ಹಿಡಿದೆವು. ಆರರಲ್ಲಿ ಒಂದು ದಾಟಿದರೂ ಆ ಬೋಟಿನ ಮೀನು ಎಕ್ಸ್‌ಪೋರ್ಟಿಗೆ ಇಲ್ಲ.

ಕಿಟ್ಟಿನಲ್ಲಿ ಎರಡು ಕಡೆ ಎಡವಿದೆವು. ಒಂದು ಮಿಕ್ಸಿ. ಬರೀ ನೀರಲ್ಲಿ ತೊಳೆದ ಜಾರಿನಲ್ಲಿ ಹಿಂದಿನ ಪೇಸ್ಟಿನ ಕೊಬ್ಬು ಬ್ಲೇಡಿನ ಬುಡದಲ್ಲಿ ಉಳಿದು, ಒಳ್ಳೆಯ ಬೋಟೂ ಫೇಲ್ ಆಗುತ್ತಿತ್ತು. ಈಗ ಬಿಸಿನೀರು, ಸೋಪು, ಮತ್ತೆ ಡಿಸ್ಟಿಲ್ಡ್ ನೀರು. ಜಾರೂ ಆರು ಇವೆ. ಇನ್ನೊಂದು, ಫ್ರಿಜ್ಜಿನಿಂದ ತೆಗೆದ ಕಿಟ್ಟಿನ ದ್ರಾವಣವನ್ನು (ರೀಏಜೆಂಟ್) ತಣ್ಣಗಿರುವಾಗಲೇ ಬಳಸಿದ್ದು. ಆಗ ಅಳತೆ ಲೆಕ್ಕ ಹಾಕುವ ಕರ್ವ್ ಕೂರುವುದೇ ಇಲ್ಲ. ತಿಂಗಳಿಗೊಮ್ಮೆ ಅದೇ ಪೇಸ್ಟನ್ನು ಹೊರಗಿನ ಲ್ಯಾಬಿಗೆ, ಇನ್ನೂ ಕರಾರುವಾಕ್ಕಾದ ಯಂತ್ರದ ಪರೀಕ್ಷೆಯಾದ ಎಚ್‌ಪಿಎಲ್‌ಸಿಗೆ ಕಳಿಸಿ ತಾಳೆ ನೋಡುತ್ತೇವೆ.

ಆದರೆ ಟೆಸ್ಟಿನಿಂದ ಮೀನು ಒಳ್ಳೆಯದಾಗುವುದಿಲ್ಲ, ಐಸಿನಿಂದ ಆಗುತ್ತದೆ. 100 ಕಿಲೋ ಮೀನು 30 ಡಿಗ್ರಿಯಿಂದ ಸೊನ್ನೆಗೆ ಇಳಿಯಲು ಲೆಕ್ಕದಲ್ಲಿ 30 ಕಿಲೋ ಐಸು ಸಾಕು. ಡೆಕ್ಕಿನ ಬಿಸಿಲು, ಸ್ಟೋರಿನ ಗೋಡೆ, ಕರಗಿ ಹರಿದದ್ದು ಎಲ್ಲ ಸೇರಿಸಿದರೆ ಕಿಲೋ ಮೀನಿಗೆ ಕಿಲೋ ಐಸು ಬೇಕೇ ಬೇಕು. ಪರ್ಸೀನ್ ಬಲೆಯಲ್ಲಿ ಒಮ್ಮೆಗೇ ಎರಡು ಮೂರು ಟನ್ ಬಿದ್ದಾಗ ಕೊನೆಯ ರಾಶಿ ಡೆಕ್ಕಿನಲ್ಲೇ ಕಾಯುತ್ತದೆ, ಕೆಡುವುದು ಅದೇ. ತಾಂಡೇಲರು (ಬೋಟು ನಡೆಸುವ ನಾಯಕರು) ಬಲೆ ಎಳೆದ ಹೊತ್ತನ್ನು ಬರೆದಿಡಬೇಕು ಎಂಬುದಕ್ಕೆ ಒಪ್ಪಿಸಲು ಒಂದು ಪೂರ್ತಿ ಸೀಸನ್ ಹಿಡಿಯಿತು. ಒಪ್ಪಿಸಿದ್ದು ದುಡ್ಡು: ಧಕ್ಕೆಯಲ್ಲಿ ಮೀನು 4 ಡಿಗ್ರಿಯ ಒಳಗಿದ್ದು ಟೆಸ್ಟೂ ಪಾಸಾದರೆ ಕಿಲೋಗೆ 3 ರೂಪಾಯಿ ಹೆಚ್ಚು. ಸುಳ್ಳು ಹೊತ್ತು ಬರೆದವರನ್ನು ಹಿಡಿಯುವುದು ಹೇಗೆಂಬುದನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ತಾಂಡೇಲರೂ ಓದುತ್ತಾರೆ.

ನಡುವೆ ಒಂದು ಆಟವನ್ನೂ ಆಡಿ ನೋಡಿದೆವು. ಇನ್ಸುಲೇಟೆಡ್ ಬಾಕ್ಸಿನಲ್ಲಿ ಎರಡು ಪಾಲು ಐಸು, ಒಂದು ಪಾಲು ಸಮುದ್ರದ ನೀರು, ತಳದಲ್ಲಿ ತೂತು ಕೊರೆದ ಪೈಪು, ಸಣ್ಣ ಕಂಪ್ರೆಸರಿನ ಗಾಳಿ. ಬಾಕ್ಸಿನ ನಡುವಿನ ಮೀನು ಮೂರು ತಾಸಿನ ಬದಲು ಮುಕ್ಕಾಲು ತಾಸಿನಲ್ಲಿ ತಣ್ಣಗಾಯಿತು. ಗಾಳಿ ಜೋರಾದರೆ ಮಾತ್ರ ಹುರುಪೆ ಕಿತ್ತು ಬರುತ್ತದೆ. ಕ್ಲೋರಿನ್ ಹಾಕಿದ ಐಸಿನಿಂದ ಹಿಸ್ಟಮಿನ್ನಿನಲ್ಲಿ ಒಂದಿಷ್ಟೂ ವ್ಯತ್ಯಾಸ ಕಾಣಲಿಲ್ಲ, ಬಿಟ್ಟೆವು.

ಖರ್ಚು: 27 ಟನ್ನಿನ ಕಂಟೇನರಿಗೆ ಬೋನಸ್ ಸುಮಾರು 80 ಸಾವಿರ. ಕಿಟ್ಟಿನ ಒಂದು ಬಾವಿಗೆ (ಒಂದು ಪೇಸ್ಟು ಟೆಸ್ಟ್ ಮಾಡುವ ಸಣ್ಣ ಗುಳಿ) 400 ರೂಪಾಯಿ ಬೀಳುತ್ತದೆ, ಬೋಟಿಗೆ ಆರರಂತೆ ಹನ್ನೆರಡು ಬೋಟಿಗೆ 29 ಸಾವಿರದಷ್ಟು. ಒಟ್ಟು ಒಂದು ಲಕ್ಷ ಚಿಲ್ಲರೆ. ಒಮ್ಮೆ ವಾಪಸ್ ಬಂದ ನಷ್ಟದಲ್ಲಿ ಹನ್ನೆರಡು ಕಂಟೇನರು ಹೀಗೆ ಕಳಿಸಬಹುದು.

ಇಷ್ಟೆಲ್ಲ ಮಾಡಿಯೂ ಹೋದ ವರ್ಷ ಒಂದು ಕಂಟೇನರ್ ಅಲ್ಲಿನ ಗಡಿ ತಪಾಸಣೆಯಲ್ಲಿ ಆರು ದಿನ ನಿಂತಿತು. ಹೆಲ್ತ್ ಸರ್ಟಿಫಿಕೇಟಿನಲ್ಲಿ ಸೀಲ್ ನಂಬರಿನ ಒಂದು ಅಂಕಿ ತಪ್ಪಿತ್ತು. ಅಂದಿನಿಂದ ಸೀಲಿನ ಫೋಟೊ ಎದುರಿಗಿಟ್ಟು ಇಬ್ಬರು ಓದಿ ಹೇಳದೆ ಕಾಗದ ಹೊರಗೆ ಹೋಗುವುದಿಲ್ಲ.