ಏಳನೇ ಬಾಬ್ತು: ಮಹಜರು ಮತ್ತು ಬಾಲ್ಯದ ನೆನಪು ಬೆರೆಸಿ ಭಯದ ಕಥೆ ಕಟ್ಟಿದ ಬಗೆ

ಪೊಲೀಸ್ ಕಡತದ ಧಾಟಿಯನ್ನೂ ಆತ್ಮಕಥನದ ಧಾಟಿಯನ್ನೂ ಬೆಸೆದು ಭಯದ ಕಥೆ ಬರೆಯಹೊರಟವರು ಹೆಚ್ಚಾಗಿ ಮಾಡುವ ತಪ್ಪೊಂದಿದೆ. ನಂಬಲಾಗದ ಸಂಗತಿಯನ್ನು ನೆನಪಿನ ಭಾಗದಲ್ಲಿ ಇಟ್ಟುಬಿಡುತ್ತಾರೆ. ‘ಆ ರಾತ್ರಿ ಕಿಟಕಿಯಲ್ಲಿ ಯಾರದೋ ಮುಖ ಕಂಡೆ’ ಎಂದು ನಿರೂಪಕಿ ಅಂದ ತಕ್ಷಣ ಓದುವವರು ಸಮಾಧಾನ ಹುಡುಕಿಕೊಳ್ಳುತ್ತಾರೆ: ಚಿಕ್ಕ ಹುಡುಗಿ, ನಿದ್ದೆಗಣ್ಣು, ಜ್ವರವೂ ಇದ್ದೀತು. ನೆನಪನ್ನು ಯಾರು ಬೇಕಾದರೂ ಅನುಮಾನಿಸಬಹುದು. ಅದೇ ಸಂಗತಿ ಪಂಚರು (ಪೊಲೀಸರು ಕರೆದ ಸ್ಥಳೀಯ ಸಾಕ್ಷಿಗಳು) ರುಜು ಹಾಕಿದ ಮಹಜರಿನಲ್ಲಿ, ಅಂದರೆ ಸ್ಥಳದಲ್ಲಿ ಕಂಡದ್ದನ್ನು ಪಟ್ಟಿ ಮಾಡಿದ ಪೊಲೀಸ್ ದಾಖಲೆಯಲ್ಲಿ, ಸೀಮೆಎಣ್ಣೆ ಬುಡ್ಡಿಗೂ ಚಾಪೆಗೂ ನಡುವೆ, ಏಳನೇ ಬಾಬ್ತಾಗಿ ಬಂದರೆ ಅಂಥ ಸಮಾಧಾನ ಸಿಗುವುದಿಲ್ಲ. ಅದನ್ನು ಬರೆದುಕೊಂಡ ಪೊಲೀಸಿಗೆ ಯಾರನ್ನೂ ಹೆದರಿಸುವ ಉದ್ದೇಶವೇ ಇರಲಿಲ್ಲವಲ್ಲ.

ಈ ಲೆಕ್ಕದ ಮೇಲೆ ನಾನು 4,800 ಪದಗಳ ಒಂದು ಕಥೆ ಕಟ್ಟಿದ ಕ್ರಮ ಹೀಗಿದೆ. ಜಾಗ ಮಂಡ್ಯದ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬದಿಯ ಒಂದು ಆಲೆಮನೆ, ಕಾಲ 1993. ನಾಲೆಯಲ್ಲಿ ಒಂದು ಸಾವು, ಅದನ್ನು ನೆನೆಯುವ ನಿರೂಪಕಿ ಆಗ ಒಂಬತ್ತು ವರ್ಷದ ಹುಡುಗಿ. ಪ್ರಕರಣ, ಊರು, ಜನ ಎಲ್ಲವೂ ಕಲ್ಪಿತ. ನಿಜವಾಗಿ ನಡೆದ ಕೊಲೆಯನ್ನೋ ಸಾವನ್ನೋ ಎತ್ತಿಕೊಂಡು ಅದರ ಮೇಲೆ ದೆವ್ವ ಹೂಡುವುದು ನನಗೆ ಒಗ್ಗುವುದಿಲ್ಲ. ಸತ್ತವರ ಮನೆಯವರು ಇನ್ನೂ ಅದೇ ಬೀದಿಯಲ್ಲಿ ಓಡಾಡುತ್ತಿರುತ್ತಾರೆ. ಕಾನೂನಿನ ತೊಡಕೂ ಇದೆ. ಮೃತರ ಮೇಲೆ ಹೊರಿಸಿದ ಮಾತು ಕೂಡ, ಅವರ ಮನೆಯವರ ಮನಸ್ಸು ನೋಯಿಸುವ ಉದ್ದೇಶದ್ದಾದರೆ, ಮಾನಹಾನಿಯಾಗಬಹುದು (ಹಿಂದಿನ ಐಪಿಸಿ 499, ಈಗಿನ ಭಾರತೀಯ ನ್ಯಾಯ ಸಂಹಿತೆ ಅಥವಾ ಬಿಎನ್‌ಎಸ್ 356).

ಕಲ್ಪಿತ ಊರಿಗೆ ಹೆಸರಿಡುವಾಗ ಪ್ರತ್ಯಯ ನೋಡಿಕೊಳ್ಳಿ. ಮೈಸೂರು, ಶ್ರೀರಂಗಪಟ್ಟಣದ ಕಡೆ ‘ಕೊಪ್ಪಲು’ ಹೆಚ್ಚು, ಮದ್ದೂರು, ಮಳವಳ್ಳಿ ಕಡೆಗೆ ಹೋದಂತೆ ‘ದೊಡ್ಡಿ’ಗಳು ಸಿಗುತ್ತವೆ. ಆಯ್ದ ಹೆಸರನ್ನು ಜನಗಣತಿಯ ಗ್ರಾಮಪಟ್ಟಿಯಲ್ಲಿ ಹುಡುಕಿ, ಇದ್ದರೆ ಬಿಟ್ಟುಬಿಡಿ. ನಾಲೆ, ತಾಲ್ಲೂಕು, ಆಸ್ಪತ್ರೆಗೆ ಹೋಗುವ ದಾರಿ ಮಾತ್ರ ನಿಜವಾದವೇ ಇರಲಿ.

ಮೊದಲು ಗೊತ್ತುಮಾಡಬೇಕಾದ್ದು ದಿನಾಂಕ. ಅಮಾವಾಸ್ಯೆ ಬೇಡ. ಕತ್ತಲಲ್ಲಿ ಸಾಕ್ಷಿಗೆ ಏನೂ ಕಾಣುವುದಿಲ್ಲ, ‘ಸರಿಯಾಗಿ ಕಾಣಲಿಲ್ಲ ಸ್ವಾಮಿ’ ಎಂದರೆ ಹೇಳಿಕೆ ಅಲ್ಲಿಗೇ ಮುಗಿಯಿತು. ಬೆಳುದಿಂಗಳಿದ್ದರೆ ನೂರು ಗಜ ದೂರದ ನಾಲೆ ಏರಿಯ ಮೇಲೆ ನಡೆದವರನ್ನು ಎಣಿಸಬಹುದು, ಎಣಿಸಿದ್ದನ್ನು ಆಮೇಲೆ ನುಂಗಿಕೊಳ್ಳಲಾಗುವುದಿಲ್ಲ. ಹಾಗಾಗಿ 1993ರ ನವೆಂಬರ್ 29 ಆರಿಸಿಕೊಂಡೆ: ಹುಣ್ಣಿಮೆ, ಸೋಮವಾರ, ಕಬ್ಬು ಅರೆಯುವ ಕಾಲ. ಕಾರ್ತಿಕ ಸೋಮವಾರವಾದ್ದರಿಂದ ಈಶ್ವರನ ಗುಡಿಯಲ್ಲಿ ದೀಪ ಹಚ್ಚಿದ ನೆನಪು ನಿರೂಪಕಿಗೆ ತಾನಾಗಿ ಬರುತ್ತದೆ. ತಿಥಿ ನೋಡಲು ಹಳೆಯ ಒಂಟಿಕೊಪ್ಪಲ್ ಪಂಚಾಂಗ ಮನೆಯಲ್ಲಿದ್ದರೆ ಸಾಕು, ಶ್ರೀಮುಖ ಸಂವತ್ಸರದ್ದು ಬೇಕು. ವಾರ ತಪ್ಪಿದರೆ ಮಂಡ್ಯದ ಯಾವುದಾದರೂ ಅಜ್ಜಿಯೇ ಹಿಡಿದುಹಾಕುತ್ತಾಳೆ.

ದಿನಾಂಕ ನಿಂತ ಮೇಲೆ ಉಳಿದದ್ದೆಲ್ಲ ಅದಕ್ಕೆ ಹೊಂದಬೇಕು. 2024ರ ಜುಲೈ 1ಕ್ಕಿಂತ ಹಿಂದಿನ ಕಥೆಯಲ್ಲಿ ಬಿಎನ್‌ಎಸ್, ಬಿಎನ್‌ಎಸ್‌ಎಸ್ (ಸಿಆರ್‌ಪಿಸಿ ಜಾಗಕ್ಕೆ ಬಂದ ಕಾನೂನು) ಬರಕೂಡದು: ಕೊಲೆಗೆ ಐಪಿಸಿ ಕಲಂ 302, ಅಸಹಜ ಸಾವಿಗೆ ಸಿಆರ್‌ಪಿಸಿ ಕಲಂ 174. ವಿದ್ಯುತ್ ಮಂಡಳಿ 1999ರವರೆಗೆ ಕೆಇಬಿ, ಈಗಿನ ವಿದ್ಯುತ್ ಕಂಪನಿ ಸೆಸ್ಕ್ ಬಂದದ್ದು ಆಮೇಲೆ. ಮಂಡ್ಯದ ಗಾಡಿಗೆ ಕೆಎ 11 ಸರಿ, ಆದರೆ ಕಥೆ 1989ಕ್ಕಿಂತ ಹಿಂದೆ ನಡೆದರೆ ಕೆಎ ಇರುವುದಿಲ್ಲ. ಇಂಗ್ಲಿಷ್ ಕಾಗದವಾದರೆ 2014ರ ನವೆಂಬರ್ 1ಕ್ಕೆ ಮೊದಲು ‘ಮೈಸೋರ್’ ಎಂಬ ಹಳೆಯ ಕಾಗುಣಿತವೇ. ಮಧ್ಯರಾತ್ರಿ ಶವಪರೀಕ್ಷೆ ಮಾಡಿಸುವ ಕಥೆಗಾರರು ಬಹಳ ಮಂದಿ. ಸೂರ್ಯಾಸ್ತದ ನಂತರದ ಪರೀಕ್ಷೆಗೆ ಕೇಂದ್ರ ಆರೋಗ್ಯ ಇಲಾಖೆ ಅನುಮತಿ ಕೊಟ್ಟದ್ದೇ 2021ರಲ್ಲಿ, ಅದೂ ಕೊಲೆ, ಆತ್ಮಹತ್ಯೆ, ಅನುಮಾನಾಸ್ಪದ ಸಾವುಗಳನ್ನು ಸಾಮಾನ್ಯವಾಗಿ ಹೊರಗಿಟ್ಟು.

ನೀರಿನ ಲೆಕ್ಕ ಇನ್ನೂ ಸೂಕ್ಷ್ಮ. ಮುಳುಗಿದ ದೇಹ ಮರುದಿನ ಬೆಳಿಗ್ಗೆಯೇ ತೇಲಿಬಂತು ಎಂದು ಬರೆಯುತ್ತಾರೆ. ನಮ್ಮ ಬೇಸಗೆಯಲ್ಲಿ ತೇಲಲು ಸುಮಾರು ಒಂದು ದಿನ ಹಿಡಿದರೆ, ಚಳಿಗಾಲದಲ್ಲಿ ಎರಡು ಮೂರು ದಿನ ಬೇಕು. ನವೆಂಬರ್ ಕೊನೆಯ ಕಥೆಗೆ ಇದು ಅಡ್ಡಬಂತು. ಕೊನೆಗೆ ನಾಲೆಯ ಕಟ್ಟು ನೀರನ್ನೇ (ಸರದಿಯಂತೆ ಬಿಟ್ಟು ನಿಲ್ಲಿಸುವ ನೀರು) ಬಳಸಿಕೊಂಡೆ: ನೀರು ನಿಲ್ಲಿಸಿದ ಮೇಲೆ ಮಟ್ಟ ಇಳಿದು, ತೂಬಿನ ಬಳಿ ದೇಹ ಕಂಡಿತು. ಬಾಯಿ ಮೂಗಿನಲ್ಲಿ ನೊರೆ, ಅಂಗೈ ಅಂಗಾಲಿನ ಚರ್ಮ ಬಿಳಿಚಿ ಸುಕ್ಕಾಗಿರುವುದು, ಇವೆರಡೇ ವಿವರ ಸಾಕು. ಇದಕ್ಕಿಂತ ಹೆಚ್ಚು ಕೊಟ್ಟರೆ ಓದುವವರಿಗೆ ಭಯ ಹೋಗಿ ಹೇಸಿಗೆ ಬರುತ್ತದೆ.

ಇನ್ನು ಮಹಜರು. ಈ ಕಥೆಯ ಜೀವಾಳ ಇರುವುದೇ ಅದರಲ್ಲಿ. ಧಾಟಿ ಕಲಿಯಲು ಜಿಲ್ಲಾ ನ್ಯಾಯಾಲಯಗಳ ತೀರ್ಪುಗಳನ್ನು ಇ-ಕೋರ್ಟ್ಸ್ ತಾಣದಲ್ಲಿ ಹದಿನೈದು ಇಪ್ಪತ್ತಾದರೂ ಓದಬೇಕು. ಸುಪ್ರೀಂ ಕೋರ್ಟಿನ 2016ರ ನಿರ್ದೇಶನದ ನಂತರ, ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು, ಪ್ರಥಮ ವರ್ತಮಾನ ವರದಿಗಳೂ ಪೊಲೀಸ್ ತಾಣಗಳಲ್ಲಿ ಸಿಗುತ್ತವೆ. ವಾಕ್ಯದ ನಡಿಗೆಯನ್ನು ಮಾತ್ರ ಎತ್ತಿಕೊಳ್ಳಿ, ಹೆಸರು, ವಿಳಾಸ, ಸರ್ವೆ ನಂಬರು ಯಾವುದನ್ನೂ ಮುಟ್ಟಬೇಡಿ. ನಡಿಗೆ ಅಂದರೆ ಇದು: ‘ಸದರಿ’, ‘ಮೇಲ್ಕಂಡ’, ‘ಪಂಚರ ಸಮಕ್ಷಮ’, ‘ಪರಿಶೀಲಿಸಲಾಗಿ’, ‘ಇರುತ್ತದೆ’. ಮೊದಲು ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ), ಆಮೇಲೆ ವಸ್ತುಗಳು, ಕೊನೆಗೆ ‘ಓದಿ ಕೇಳಿದ್ದು ಸರಿ ಇರುತ್ತದೆ’. ಗುಣವಾಚಕ ಒಂದೂ ಇಲ್ಲ. ಅಳತೆ, ಬಣ್ಣ, ಎಣಿಕೆ ಇರಬಹುದು. ‘ಭೀಕರ’, ‘ನಿಗೂಢ’ ಬಂದರೆ ಕಾಗದ ಸುಳ್ಳಾಗುತ್ತದೆ. ಕಥೆಯಲ್ಲಿರುವ ತುಣುಕು:

‘ಸದರಿ ಸ್ಥಳವು ಆಲೆಮನೆಗೆ ಹೊಂದಿಕೊಂಡ ತೆಂಗಿನ ಗರಿಯ ಗುಡಿಸಲಾಗಿದ್ದು, ಪೂರ್ವಕ್ಕೆ ರಚ್ಚಿನ ರಾಶಿ, ಪಶ್ಚಿಮಕ್ಕೆ ನಾಲೆ ಏರಿ, ಉತ್ತರಕ್ಕೆ ಗಾಣ, ದಕ್ಷಿಣಕ್ಕೆ ಕಬ್ಬಿನ ಗದ್ದೆ ಇರುತ್ತದೆ. ಒಳಗಡೆ ಪರಿಶೀಲಿಸಲಾಗಿ... 5) ಅಲ್ಯೂಮಿನಿಯಂ ತಪ್ಪಲೆ ಒಂದು. 6) ಸೀಮೆಎಣ್ಣೆ ಬುಡ್ಡಿ ಒಂದು. 7) ಮಕ್ಕಳ ರಬ್ಬರ್ ಚಪ್ಪಲಿ ಎರಡು ಜೊತೆ, ಅದರಲ್ಲಿ ಒಂದು ಜೊತೆ ಒದ್ದೆಯಾಗಿರುತ್ತದೆ. 8) ಚಾಪೆ ಒಂದು.’

ಆ ಗುಡಿಸಲಿನಲ್ಲಿದ್ದ ಮಗು ನಿರೂಪಕಿ ಒಬ್ಬಳೇ. ಇಡೀ ಕಥೆಯಲ್ಲಿ ಆಗಬಾರದ್ದು ಇದೊಂದೇ.

ಪಟ್ಟಿಯಲ್ಲಿ ಹನ್ನೊಂದು ಬಾಬ್ತು ಇಟ್ಟಿದ್ದೇನೆ. ಐದೇ ಇದ್ದರೆ ಚಪ್ಪಲಿ ಎದ್ದು ಕಾಣುತ್ತದೆ, ಇಪ್ಪತ್ತಾದರೆ ಜನ ಓದದೆ ದಾಟುತ್ತಾರೆ. ಮುಖ್ಯವಾದದ್ದನ್ನು ಮೊದಲಲ್ಲೂ ಕೊನೆಯಲ್ಲೂ ಇಡಕೂಡದು, ಕಣ್ಣು ಅಲ್ಲೇ ನಿಲ್ಲುತ್ತದೆ. ಅದರ ಹಿಂದೆ ಮುಂದೆ ತೀರ ಸಪ್ಪೆ ವಸ್ತುಗಳಿರಲಿ. ಮೊದಲ ಕರಡಿನಲ್ಲಿ ಎಂಟನೆಯದು ಮುರಿದ ಗೊಂಬೆಯಾಗಿತ್ತು. ಗೊಂಬೆ ಬಂದ ಕೂಡಲೇ ‘ಓ, ಇದು ದೆವ್ವದ ಕಥೆ’ ಎಂದು ತಿಳಿದುಬಿಡುತ್ತದೆ. ಅದಕ್ಕೇ ಚಾಪೆ.

ನೆನಪಿನ ಭಾಗಕ್ಕೆ ಬೇರೆಯೇ ಕನ್ನಡ ಬೇಕು. ಅಲ್ಲಿ ದಿನಾಂಕವಿಲ್ಲ, ಗಡಿಯಾರವಿಲ್ಲ. ಆಲೆಮನೆ ಮಗುವಿಗೆ ಹೊತ್ತು ತಿಳಿಯುವುದು ಕೊಪ್ಪರಿಗೆಯಿಂದ: ಮೂರನೇ ಕೊಪ್ಪರಿಗೆ ಇಳಿಸುವಾಗ ಎಚ್ಚರವಾಯಿತು, ಅಷ್ಟೇ. ಕಬ್ಬಿನ ಹಾಲು ಕುದಿದು ಪಾಕ ಬರಲು ಎರಡು ಮೂರು ಗಂಟೆ ಹಿಡಿಯುತ್ತದೆ. ಸಂಜೆ ಏಳಕ್ಕೆ ಮೊದಲನೆಯದು ಒಲೆಗೇರಿದ್ದರೆ ಮೂರನೆಯದು ಇಳಿಯುವುದು ರಾತ್ರಿ ಎರಡರ ಆಸುಪಾಸು. ಶವಪರೀಕ್ಷೆ ವರದಿ ಹೇಳುವ ಹೊತ್ತಿಗೂ ಇದಕ್ಕೂ ತಾಳೆ ಹಾಕುವ ಕೆಲಸ ಓದುವವರದ್ದು, ನಿರೂಪಕಿ ಅದರ ಸುದ್ದಿಗೇ ಹೋಗಬಾರದು. ವಾಸನೆ, ಶಾಖ, ರಚ್ಚು (ಹಿಂಡಿದ ಕಬ್ಬಿನ ಸಿಪ್ಪೆ) ಉರಿಯುವ ಚಟಪಟ, ನೀರಿಗೆ ಹಾಕಿದ ಪಾಕ ಉಂಡೆ ಕಟ್ಟಿದಾಗ ಬೆರಳಿಗೆ ಸಿಗುವ ಹದ, ಇವು ನೆನಪನ್ನು ನಿಜ ಮಾಡುತ್ತವೆ. ‘ಸರಿಯಾಗಿ ನೆನಪಿಲ್ಲ’ ಎಂಬ ಮಾತಿಗೆ ಕಥೆಯಲ್ಲಿ ಎರಡೇ ಸಲ ಜಾಗ. ಮೂರನೇ ಸಲ ಬಂದರೆ ನಿರೂಪಕಿ ಏನನ್ನೋ ಬಚ್ಚಿಡುತ್ತಿದ್ದಾಳೆ ಅನ್ನಿಸುತ್ತದೆ, ಕಥೆ ಪತ್ತೇದಾರಿಯ ಕಡೆ ವಾಲುತ್ತದೆ.

ಕನ್ನಡ ತಾನಾಗಿ ಕೊಟ್ಟ ಒಂದು ಸೌಕರ್ಯವೂ ಸಿಕ್ಕಿತು. ಅವ್ವ ಮಗಳನ್ನು ಊಟಕ್ಕೆ ಕೂಗುತ್ತಾಳೆ. ಮೊದಲು ‘ಉಣ್ಣಾಕ್ ಬಾರವ್ವ’ ಎಂದು ಬರೆದಿದ್ದೆ. ಅದನ್ನು ‘ಉಣ್ಣಾಕ್ ಬನ್ರವ್ವ’ ಮಾಡಿದೆ. ಮಂಡ್ಯದ ಅವ್ವ ಒಂಬತ್ತು ವರ್ಷದ ಮಗಳಿಗೆ ಬಹುವಚನದ ಮರ್ಯಾದೆ ಕೊಡುವುದಿಲ್ಲ. ‘ಬನ್ರವ್ವ’ ಅಂದರೆ ಕರೆದದ್ದು ಒಬ್ಬಳಿಗಿಂತ ಹೆಚ್ಚು ಜನರನ್ನು. ಮೊದಲ ಓದಿಗೆ ಇದು ಯಾರ ಕಣ್ಣಿಗೂ ಬೀಳುವುದಿಲ್ಲ, ಏಳನೇ ಬಾಬ್ತು ಓದಿದ ಮೇಲೆ ಹಿಂದಕ್ಕೆ ತಿರುಗಿ ನೋಡುತ್ತಾರೆ. ಈ ಕರೆಯನ್ನು ಎರಡೇ ಕಡೆ ಇಟ್ಟೆ: ಮಹಜರಿಗೆ ಸುಮಾರು 600 ಪದ ಮುಂಚೆ ಒಮ್ಮೆ, ಅದಾದ ಮೇಲೆ 1,400 ಪದ ಕಳೆದು ಇನ್ನೊಮ್ಮೆ. ಎರಡನೇ ಸಲ ಅವ್ವ ಬಾಗಿಲ ಕಡೆ ಬೆನ್ನು ಮಾಡಿ ಮುದ್ದೆ ತೊಳಸುತ್ತಿರುತ್ತಾಳೆ, ಮಗಳು ಆಗಲೇ ಒಳಗೆ ಕೂತಿರುತ್ತಾಳೆ. ಇಷ್ಟೇ. ‘ಅವ್ವ ಯಾರನ್ನು ಕರೆದಳೋ’ ಎಂಬ ಒಂದು ಸಾಲು ಸೇರಿಸಿದ್ದರೂ ಮಾಡಿದ ಕೆಲಸವೆಲ್ಲ ಹಾಳು.

ಗ್ರಾಮ್ಯ ಮಾತು ಸಂಭಾಷಣೆಗಷ್ಟೇ ಇರಲಿ. ನಿರೂಪಣೆಯನ್ನೂ ‘ಹೋಗ್ಬುಟ್ಟ’, ‘ಬಂದವ್ನೆ’ಯಲ್ಲಿ ಬರೆದರೆ ಕಚೇರಿಗನ್ನಡದ ಎದುರು ಅದು ಹಾಸ್ಯವಾಗಿ ಕೇಳಿಸುತ್ತದೆ. ನಿರೂಪಕಿ ಈಗ ಮೈಸೂರಿನಲ್ಲಿರುವ ನಡುವಯಸ್ಸಿನ ಹೆಂಗಸು, ಅವಳದ್ದು ಸಾದಾ ಬರಹದ ಕನ್ನಡ.

ಪ್ರಮಾಣ ಹೀಗೆ ನಿಂತಿತು: ನೆನಪು 3,000 ಪದ, ದಾಖಲೆ 1,400, ಕಡತದ ನಕಲು ಕೈಗೆ ಸಿಕ್ಕ ಇಂದಿನ ನಿರೂಪಕಿಯ ಮಾತು 400. ದಾಖಲೆಯಲ್ಲಿ ಮಹಜರಿಗೇ 420 ಹೋಯಿತು. ತೆರೆಯುವುದು 70 ಪದಗಳ ಪತ್ರಿಕಾ ಸುದ್ದಿಯಿಂದ. ಅದರ ಅಳತೆ, ಒಣ ಧಾಟಿ ತಿಳಿಯಲು ಆ ಕಾಲದ ‘ಆಂದೋಲನ’, ‘ಮೈಸೂರು ಮಿತ್ರ’ ಸಂಚಿಕೆಗಳ ಒಳಪುಟ ತಿರುವಿದರೆ ಸಾಕು. ಕಥೆಯೊಳಗಿನ ಪತ್ರಿಕೆಗೆ ಮಾತ್ರ ಕಲ್ಪಿತ ಹೆಸರು. ಮಹಜರು ಬರುವುದು 1,900ನೇ ಪದದ ಹೊತ್ತಿಗೆ. ಮೊದಲು ಅದನ್ನು ಕೊನೆಗಿಟ್ಟು ನೋಡಿದ್ದೆ, ಒಗಟು ಬಿಡಿಸಿದಂತಾಯಿತು, ಹೆದರಿಕೆ ಹತ್ತಲಿಲ್ಲ. ನಡುವಿಗೆ ತಂದಾಗ ಅದರ ನಂತರದ ಸಾದಾ ನೆನಪುಗಳೆಲ್ಲ ಕಲಕಿಹೋದವು: ಒಂದೇ ಚಾಪೆಯಲ್ಲಿ ಒತ್ತರಿಸಿ ಮಲಗಿದ್ದು, ಎರಡು ತಟ್ಟೆ ತೊಳೆದಿಟ್ಟದ್ದು.

ಪಂಚರ ಹೇಳಿಕೆ ಎರಡಿವೆ, ತಲಾ 250 ಪದ. ಎರಡೂ ಅಕ್ಷರಶಃ ಒಂದೇ ಥರ ಇರಲಿ. ನಿಜವಾದ ಕಡತಗಳಲ್ಲೂ ಹೇಳಿಕೆಗಳು ಅಚ್ಚು ಬೆಲ್ಲದ ಹಾಗೆ ಒಂದೇ ಅಚ್ಚಿನಲ್ಲಿ ಬಿದ್ದಿರುತ್ತವೆ. ಆಮೇಲೆ ಎರಡನೆಯದರಲ್ಲಿ ಒಂದೇ ಒಂದು ಪದ ಬದಲಿಸಿ. ನನ್ನಲ್ಲಿ ‘ಮಗು’ ಇದ್ದಲ್ಲಿ ‘ಮಕ್ಕಳು’ ಆಯಿತು.

ಮುಕ್ತಾಯಕ್ಕೆ ಬಹಳ ಜನ ‘ಸಿ’ ರಿಪೋರ್ಟ್ ಹಾಕಿಸುತ್ತಾರೆ. ಅದು ಎಫ್‌ಐಆರ್ ದಾಖಲಾಗಿ ಆರೋಪಿ ಪತ್ತೆಯಾಗದ ಪ್ರಕರಣಕ್ಕೆ. ಯುಡಿಆರ್ (ಅಸಹಜ ಸಾವಿನ ವರದಿ) ಆದರೆ ಅಂತಿಮ ವರದಿ ತಾಲ್ಲೂಕು ದಂಡಾಧಿಕಾರಿಗೆ ಹೋಗುತ್ತದೆ. ಅದನ್ನು ಎರಡೇ ಸಾಲಲ್ಲಿ ಮುಗಿಸಿ, ಅಮಾನತ್ತುಪಡಿಸಿಕೊಂಡ ವಸ್ತುಗಳನ್ನು ವಾಪಸು ಪಡೆದ ಸ್ವೀಕೃತಿಗೆ ಬಂದೆ. ಹಿಂದಿನ ಕರಡಿನಲ್ಲಿ ಅದರ ಕೆಳಗೆ ಅವ್ವನ ಹೆಬ್ಬೆಟ್ಟಿನ ಪಕ್ಕ ಇನ್ನೊಂದು ಪುಟ್ಟ ಹೆಬ್ಬೆಟ್ಟು ಇತ್ತು. ಆಗಬಾರದ್ದು ಎರಡಾಯಿತೆಂದು ತೆಗೆದುಹಾಕಿದೆ. ಈಗ ಸ್ವೀಕೃತಿಯ ಏಳನೇ ಸಾಲಿನಲ್ಲಿರುವುದು ‘ಮಕ್ಕಳ ರಬ್ಬರ್ ಚಪ್ಪಲಿ, ಒಂದು ಜೊತೆ’. ಅದರ ಕೆಳಗೆ ಅವ್ವನ ಹೆಬ್ಬೆಟ್ಟು, ತಾರೀಖು. ನಿರೂಪಕಿಯ ಮಾತು ಮತ್ತೆ ಬರುವುದಿಲ್ಲ.