ವಸಡಲ್ಲಿ ರಕ್ತ ಬರ್ತಾ ಉಂಟಾ? ಹೊಟ್ಟೆ ಲೆಕ್ಕದಲ್ಲೂ ಸ್ವಲ್ಪ ನೋಡ್ಕೊಳ್ಳಿ

ಬ್ರಶ್ ಮಾಡುವಾಗ ರಕ್ತ ಕಂಡ್ರೆ ನಮ್ಮ ಬದಿಯಡ್ಕ, ಪೆರ್ಲ ಕಡೆ ಹೆಚ್ಚಿನವರು ಉಷ್ಣ ಆಗಿದೆ ಅಂತ ಎಳನೀರು ಕುಡಿದು ಸುಮ್ಮನಾಗ್ತಾರೆ. ಉಷ್ಣ ಅಲ್ಲ ಮಾರಾಯ್ರೆ, ಹೆಚ್ಚಾಗಿ ಅದು ವಸಡಿನ ಬುಡದಲ್ಲಿ ಕೂತ ಬ್ಯಾಕ್ಟೀರಿಯಾದ ಕೆಲಸ. ದಿನವಿಡೀ ನುಂಗುವ ಉಗುಳಿನೊಟ್ಟಿಗೆ ಇವೂ ಹೊಟ್ಟೆಗೆ ಇಳೀತವೆ, ಹೆಚ್ಚಿನವು ಆಸಿಡಿಗೆ ಸಾಯ್ತವೆ, ಆದ್ರೆ ಹಳೇ ಗ್ಯಾಸ್ಟ್ರೈಟಿಸಿಂದ (ಹೊಟ್ಟೆ ಒಳಪದರದ ಉರಿಯೂತ) ಆಸಿಡ್ ಕಮ್ಮಿಯಾದ ಹೊಟ್ಟೇಲಿ ಕೆಲವು ಉಳ್ಕೊಳ್ತವೆ. ಅಮೆರಿಕದಲ್ಲಿ ನರ್ಸುಗಳನ್ನೂ ಆರೋಗ್ಯ ಕ್ಷೇತ್ರದ ಗಂಡಸರನ್ನೂ ವರ್ಷಗಟ್ಲೆ ಗಮನಿಸಿದಾಗ, ವಸಡಿನ ರೋಗ ಇದ್ದವರಲ್ಲಿ ಹೊಟ್ಟೆ ಕ್ಯಾನ್ಸರಿನ ಅಪಾಯ ಇಲ್ಲದವರಿಗಿಂತ 52% ಜಾಸ್ತಿ ಕಂಡಿತು. ನಂಟು ಕಂಡದ್ದು ಅಷ್ಟೇ, ವಸಡೇ ಕಾರಣ ಅಂತ ಸಾಬೀತಾಗ್ಲಿಲ್ಲ, ಮತ್ತೆ ನೂರರಲ್ಲಿ 52 ಜನಕ್ಕೆ ಬರ್ತದೆ ಅಂತ ಓದ್ಬೇಡಿ.

ಈಗ ಮಾಡುವುದೆಂತ? ಮೆತ್ತನೆ ಬ್ರಶ್ ತಗೊಳ್ಳಿ, ಹಲ್ಲೂ ವಸಡೂ ಸೇರುವ ಗೆರೆಗೆ ಓರೆಯಾಗಿ ಹಿಡಿದು ಸಣ್ಣಕ್ಕೆ ಅಲ್ಲಾಡಿಸಿ, 2 ನಿಮಿಷ, ರಾತ್ರಿ ಮಲಗುವ ಮೊದಲು ಬಿಡ್ಲೇಬೇಡಿ. ರಕ್ತ ಬರುವ ಜಾಗ ಬಿಟ್ಟು ಉಜ್ಜುವವರೇ ಜಾಸ್ತಿ, ಕ್ಲೀನ್ ಆಗ್ಬೇಕಾದ್ದೇ ಅದು. ಉಮಿಕರಿ ಗಸಗಸ ತಿಕ್ಕಿದ್ರೆ ಹಲ್ಲು ಸವೀತದೆ. ಸಂದಿಗೆ ಹಿಡಿಸೂಡಿ ಕಡ್ಡಿ, ಸೇಫ್ಟಿ ಪಿನ್ ಹಾಕ್ಬೇಡಿ, ಮೆಡಿಕಲಲ್ಲಿ ಫ್ಲಾಸ್ ಸಿಗ್ತದೆ, ಸಂದಿ ದೊಡ್ಡ ಇದ್ರೆ ಅದಕ್ಕೇ ಇರುವ ಸಣ್ಣ ಬ್ರಶ್.

ಗಟ್ಟಿಯಾದ ಪಾಚಿ ಮನೇಲಿ ಹೋಗುದಿಲ್ಲ, ಕ್ಲೀನಿಂಗ್ ಮಾಡಿಸ್ಬೇಕು. ಕ್ಲೀನ್ ಮಾಡಿಸಿದ್ರೆ ಹಲ್ಲು ಸಡಿಲ ಆಗ್ತದೆ ಅಂತ ಹೆದರಿಸುವವರು ಎಲ್ಲಾ ಮದುವೆ ಮನೇಲೂ ಸಿಗ್ತಾರೆ. ಪಾಚಿ ತುಂಬಿದ ಜಾಗ ಖಾಲಿಯಾಗಿ ಸಂದಿ ಕಾಣ್ತದೆ, ಹಲ್ಲು ಹಿಡಿದಿಡುವ ಎಲುಬು ಮೊದಲೇ ಕರಗಿದ್ರೆ ಅಲುಗಾಟ ಗೊತ್ತಾಗ್ತದೆ, ಮಾಡಿಸಿದ್ದರಿಂದ ಆದದ್ದಲ್ಲ. ಪೊಯಿನಾಚಿಯಲ್ಲೋ ದೇರಳಕಟ್ಟೆಯಲ್ಲೋ ಡೆಂಟಲ್ ಕಾಲೇಜು ಉಂಟು, ಕಾಲೇಜಲ್ಲಿ ಖರ್ಚು ಸಾಧಾರಣ ಕಮ್ಮಿಯೇ. ಶುಗರ್ ಇದ್ರೆ ಹೇಳಿ, ಅದು ಏರಿದ್ರೆ ವಸಡು ಗುಣ ಆಗುದು ನಿಧಾನ.

ಅಡಿಕೆ ಬೆಳೆದು ಬದುಕುವ ಊರಲ್ಲಿ ಹೇಳ್ಲಿಕ್ಕೆ ಸಂಕೋಚವೇ, ಆದ್ರೂ ಹೊಗೆಸೊಪ್ಪು ಹಾಕದಿದ್ರೂ ಎಲೆಯಡಿಕೆ ಬಾಯಿ ಕ್ಯಾನ್ಸರ್ ತರ್ತದೆ, ಅದನ್ನು ಬಿಡಿ.

ಹೊಟ್ಟೆ ಕ್ಯಾನ್ಸರಿಗೆ ದೊಡ್ಡ ಕಾರಣ ಮಾತ್ರ ಹೆಲಿಕೋಬ್ಯಾಕ್ಟರ್ ಪೈಲೋರಿ ಅಂತ ಹೊಟ್ಟೇಲಿ ಬೆಳೆಯುವ ಒಂದು ಬ್ಯಾಕ್ಟೀರಿಯಾ, 1994ರಲ್ಲೇ ಅದನ್ನು ಕ್ಯಾನ್ಸರ್ ಕಾರಕ ಅಂತ ಪಟ್ಟಿಗೆ ಸೇರಿಸಿದ್ದಾರೆ. ಹಲ್ಲಿನ ಪಾಚಿಯಲ್ಲೂ ಅದು ಸಿಕ್ಕಿದ್ದುಂಟು, ಆದ್ರೆ ಬ್ರಶ್ಶಿಗೆ ಹೊಟ್ಟೆಯದ್ದು ಹೋಗುದಿಲ್ಲ, ಆಂಟಿಬಯೋಟಿಕ್ ಕೋರ್ಸ್ ಪೂರ್ತಿ ಮಾಡ್ಬೇಕು. ಉಸಿರಿನ ಅಥವಾ ಮಲದ ಟೆಸ್ಟಲ್ಲಿ ಗೊತ್ತಾಗ್ತದೆ. ಗ್ಯಾಸಿಗೆ ಅಂತ ಪ್ಯಾಂಟೊಪ್ರಜೋಲ್ ನುಂಗ್ತಾ ಇದ್ರೆ ಡಾಕ್ಟರಿಗೆ ಮೊದಲೇ ಹೇಳಿ, ಸಾಮಾನ್ಯವಾಗಿ 2 ವಾರ ನಿಲ್ಲಿಸಿ ಟೆಸ್ಟ್ ಮಾಡ್ತಾರೆ, ಇಲ್ಲದಿದ್ರೆ ಇದ್ದದ್ದೂ ಇಲ್ಲ ಅಂತ ಬರಬಹುದು. ಕಪ್ಪಗೆ ಮಲ, ಸುಮ್ಮಸುಮ್ಮನೆ ತೂಕ ಇಳಿಯುವುದು, ನಾಲ್ಕು ತುತ್ತಿಗೇ ಹೊಟ್ಟೆ ತುಂಬುವುದು ಇದ್ರೆ ಹಲ್ಲಿನ ಡಾಕ್ಟ್ರ ಹತ್ರ ಅಲ್ಲ, ಸೀದಾ ಎಂಡೋಸ್ಕೋಪಿ (ಬಾಯಿಂದ ಸಣ್ಣ ಕ್ಯಾಮರಾ ಇಳಿಸಿ ಹೊಟ್ಟೆ ನೋಡುದು) ಮಾಡುವಲ್ಲಿಗೆ ಹೋಗಿ.